ಕಿವುಡುತನದೊಡನೆ ಬೇರೆ ನ್ಯೂನತೆಗಳೂ ಉಳ್ಳ ಮಕ್ಕಳ ಪೋಷಣೆ ಮತ್ತು ಶಿಕ್ಷಣ: ಹನುಮಸಾಗರದ ಸೀಮೆಯನ್ನು ಮುಂದಿಟ್ಟುಕೊಂಡು ಕೆಲವು ವಿಚಾರಗಳು

೧. ವಿಷಯ ಪ್ರವೇಶ

ಕಿವುಡ ಮಕ್ಕಳ ಶಿಕ್ಷಣವನ್ನು ಕುರಿತ ನಮ್ಮ ವಿಚಾರಗಳಲ್ಲಿ ಹೆಚ್ಚಿನವು ಒಂದೇ ಗ್ರಹಿಕೆಯ ಮೇಲೆ ನಿಂತಿವೆ. ಮಗುವಿಗೆ ಕಿವಿ ಕೇಳಿಸದು, ಉಳಿದುದೆಲ್ಲವೂ ನೆಟ್ಟಗಿದೆ. ಆದುದರಿಂದ ಕಿವಿಯ ಕೆಲಸವನ್ನು ಕಣ್ಣಿಗೂ ಕೈಗೂ ಒಪ್ಪಿಸಿದರೆ, ಇಲ್ಲವೆ ಅಳಿದುಳಿದ ಶ್ರವಣಶಕ್ತಿಯನ್ನು ಯಂತ್ರದ ನೆರವಿನಿಂದ ಬಳಸಿಕೊಂಡರೆ, ಶಿಕ್ಷಣವು ಸಾಗುತ್ತದೆ ಎಂಬುದೇ ಆ ಗ್ರಹಿಕೆ. ಅನೇಕ ಮಕ್ಕಳ ವಿಷಯದಲ್ಲಿ ಇದು ಸತ್ಯವೇ. ಆದರೆ ಕಣ್ಣೂ ಮಸುಕಾಗಿರುವ, ಕೈಯು ಮನಸ್ಸಿನ ಮಾತನ್ನು ಕೇಳದಿರುವ, ಅಥವಾ ಕಲಿತುದನ್ನು ನೆನಪಿನಲ್ಲಿರಿಸಿಕೊಳ್ಳುವುದೇ ಕಷ್ಟವಾಗಿರುವ ಕಿವುಡ ಮಗುವಿನ ವಿಷಯದಲ್ಲಿ ಈ ಗ್ರಹಿಕೆಯು ಮೊದಲ ಹೆಜ್ಜೆಯಲ್ಲಿಯೇ ಕುಸಿಯುತ್ತದೆ.

ಇಂತಹ ಮಕ್ಕಳು ತೀರ ವಿರಳವೆಂದು ಭಾವಿಸುವುದು ಸರಿಯಲ್ಲ. ಅಮೆರಿಕದ ಗ್ಯಾಲೊಡೆಟ್ ವಿಶ್ವವಿದ್ಯಾಲಯವು ಕಿವುಡ ವಿದ್ಯಾರ್ಥಿಗಳನ್ನು ಕುರಿತು ಅನೇಕ ವರ್ಷ ನಡೆಸಿದ ಸಮೀಕ್ಷೆಗಳಲ್ಲಿ, ಕಲಿಕೆಯ ತೊಡಕು ಮೊದಲಾದುವುಗಳನ್ನೂ ಸೇರಿಸಿ, ನೂರಕ್ಕೆ ಸುಮಾರು ೪೦ ಮಕ್ಕಳಿಗೆ ಕಿವುಡುತನದೊಡನೆ ಇನ್ನೊಂದು ನ್ಯೂನತೆಯೂ ಇರುವುದು ಕಂಡುಬಂದಿತು. ನಮ್ಮ ದೇಶದ ೨೦೦೧ರ ಜನಗಣತಿಯಲ್ಲಿ ಒಂದಕ್ಕಿಂತ ಹೆಚ್ಚು ನ್ಯೂನತೆ ಉಳ್ಳವರಿಗೆ ಪ್ರತ್ಯೇಕ ಕಲಮೇ ಇರಲಿಲ್ಲ. ೨೦೧೧ರ ಜನಗಣತಿಯಲ್ಲಿ ಅಂಗವಿಕಲರೆಂದು ದಾಖಲಾದ ೨.೬೮ ಕೋಟಿ ಜನರಲ್ಲಿ ನೂರಕ್ಕೆ ಸುಮಾರು ೮ ಮಂದಿ ಬಹುವಿಧ ಅಂಗವೈಕಲ್ಯದವರೆಂದು ಎಣಿಕೆಯಾದರು. ಕಲಮು ಇಲ್ಲದಿದ್ದಾಗಲೂ ಮಕ್ಕಳು ಇದ್ದರು. ಎಣಿಕೆಯಲ್ಲಿ ಒಂದು ನ್ಯೂನತೆಯ ಹಿಂದೆ ಇನ್ನೊಂದು ಮರೆಯಾಗಿತ್ತು, ಅಷ್ಟೆ.

ಪ್ರಸ್ತುತ ಲೇಖನವು ಈ ಪ್ರಶ್ನೆಯನ್ನು ಹನುಮಸಾಗರದ ಸೀಮೆಯನ್ನು ಮುಂದಿಟ್ಟುಕೊಂಡು ಪರಿಶೀಲಿಸುತ್ತದೆ. ಕುಷ್ಟಗಿ ತಾಲ್ಲೂಕಿನ ಹೋಬಳಿ ಕೇಂದ್ರವಾದ ಹನುಮಸಾಗರವು ೧೯೫೬ರ ರಾಜ್ಯ ಪುನರ್ವಿಂಗಡಣೆಯವರೆಗೆ ಹೈದರಾಬಾದ್ ರಾಜ್ಯದಲ್ಲಿದ್ದಿತು. ಅನಂತರ ರಾಯಚೂರು ಜಿಲ್ಲೆಯ ಭಾಗವಾಗಿ ಮುಂದುವರಿದು, ೧೯೯೭ರಲ್ಲಿ ಕೊಪ್ಪಳ ಜಿಲ್ಲೆಯು ರಚಿತವಾದಾಗ ಅದಕ್ಕೆ ಸೇರಿತು. ಸುತ್ತಲಿನ ಭೂಮಿ ಬಹುಮಟ್ಟಿಗೆ ಮಳೆಯನ್ನು ನಂಬಿದ್ದು. ಮಳೆ ಕೈಕೊಟ್ಟ ವರ್ಷ ಕುಟುಂಬಗಳು ಕೂಲಿಯನ್ನರಸಿ ದೂರದ ಊರುಗಳಿಗೆ ಗುಳೆ ಹೋಗುವುದು ಇಲ್ಲಿ ವಾಡಿಕೆ. ಮಾತು ಮತ್ತು ಶ್ರವಣ ವಿಷಯಗಳಲ್ಲಿ ದೇಶಕ್ಕೇ ಪ್ರಮುಖವಾದ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಯು ೧೯೬೫ರಲ್ಲಿ ಮೈಸೂರಿನಲ್ಲಿ ಸ್ಥಾಪಿತವಾಯಿತು. ಕಿವುಡು-ಅಂಧ ಮಕ್ಕಳಿಗಾಗಿ ಹೆಲೆನ್ ಕೆಲ್ಲರ್ ಅವರ ಹೆಸರಿನ ಸಂಸ್ಥೆಯು ೧೯೭೭ರಲ್ಲಿ ಮುಂಬಯಿಯಲ್ಲಿ ಆರಂಭವಾಯಿತು. ಬಹುವಿಧ ಅಂಗವೈಕಲ್ಯಕ್ಕೆ ಮೀಸಲಾದ ರಾಷ್ಟ್ರೀಯ ಸಂಸ್ಥೆಯು ೨೦೦೫ರಲ್ಲಿ ಚೆನ್ನೈ ಸಮೀಪದ ಮುಟ್ಟುಕಾಡಿನಲ್ಲಿ ಸ್ಥಾಪಿತವಾಯಿತು. ಇವೆಲ್ಲವೂ ಹನುಮಸಾಗರದಿಂದ ನೂರಾರು ಕಿಲೋಮೀಟರು ದೂರದಲ್ಲಿವೆ. ಆದುದರಿಂದ ಇಲ್ಲಿಯ ಮಗುವಿಗೆ ಮೊದಲ ಆರು ವರ್ಷಗಳಲ್ಲಿ ಆಗಬೇಕಾದುದರಲ್ಲಿ ಬಹುಪಾಲು ಮನೆಯಲ್ಲಿ, ಅಂಗನವಾಡಿಯಲ್ಲಿ, ಊರ ಓಣಿಯಲ್ಲಿ ಆಗಬೇಕು. ಇಲ್ಲದಿದ್ದರೆ ಆಗುವುದೇ ಇಲ್ಲ.

ಇಲ್ಲಿ ಪ್ರತಿಪಾದಿಸಲಿರುವ ಮಾತು ಇಷ್ಟು: ಎರಡು ನ್ಯೂನತೆಗಳಿರುವ ಮಗುವಿಗೆ ಎರಡು ಕಡೆ ಪ್ರತ್ಯೇಕವಾಗಿ ಚಿಕಿತ್ಸೆ ಕೊಡಿಸಿದ ಮಾತ್ರಕ್ಕೆ ನೆರವು ಸಂದಂತಾಗದು. ಮಗುವಿಗೂ ಮನೆಯವರಿಗೂ ನಡುವೆ ನಂಬಿಕೆಗೆ ಅರ್ಹವಾದ ಒಂದು ಸಂವಹನದ ದಾರಿಯು ಮೊದಲು ಏರ್ಪಡಬೇಕು; ಉಳಿದ ಚಿಕಿತ್ಸೆ, ಉಪಕರಣ, ಶಾಲೆ, ಸವಲತ್ತುಗಳೆಲ್ಲವೂ ಆ ದಾರಿಯನ್ನು ಬಲಪಡಿಸುವಂತೆ ಹೊಂದಿಕೊಳ್ಳಬೇಕು.

೨. ನ್ಯೂನತೆಗಳು ಒಟ್ಟಿಗೆ ಬರುವುದಕ್ಕೆ ಕಾರಣಗಳು

ಕಿವಿಯ ದೋಷವೂ ಬೇರೊಂದು ದೋಷವೂ ಒಂದೇ ಮಗುವಿನಲ್ಲಿ ಕೂಡುವುದು ಅನೇಕ ವೇಳೆ ಆಕಸ್ಮಿಕವಲ್ಲ. ಒಂದೇ ಕಾರಣವು ಎರಡು ಅವಯವಗಳನ್ನು ಏಕಕಾಲದಲ್ಲಿ ಹಾನಿಗೊಳಿಸಿರುತ್ತದೆ. ಕಾರಣವನ್ನು ಅರಿತರೆ, ಕಿವುಡುತನವು ಪತ್ತೆಯಾದ ಮಗುವಿನಲ್ಲಿ ಇನ್ನೇನನ್ನು ಹುಡುಕಬೇಕು ಎಂಬುದೂ ತಿಳಿಯುತ್ತದೆ.

ಮೊದಲನೆಯದು ರುಬೆಲ್ಲಾ. ಗರ್ಭಿಣಿಗೆ ಮೊದಲ ತಿಂಗಳುಗಳಲ್ಲಿ ಈ ಸೋಂಕು ತಗಲಿದರೆ ಆಕೆಗೆ ಸಣ್ಣ ಜ್ವರವೂ ಮೈಮೇಲೆ ದದ್ದೂ ಕಾಣಿಸಿ ಮರೆಯಾಗಬಹುದು. ಆದರೆ ಹುಟ್ಟುವ ಶಿಶುವಿಗೆ ಕಿವುಡು, ಕಣ್ಣಿನ ಪೊರೆ, ಹೃದಯದೋಷ ಇವು ಒಟ್ಟಾಗಿ ಬರಬಹುದು. ರುಬೆಲ್ಲಾಕ್ಕೂ ಜನ್ಮಜಾತ ಕಣ್ಣಿನ ಪೊರೆಗೂ ಇರುವ ಈ ಸಂಬಂಧವನ್ನು ೧೯೪೧ರಲ್ಲಿ ತೋರಿಸಿಕೊಟ್ಟವರು ಆಸ್ಟ್ರೇಲಿಯಾದ ನೇತ್ರವೈದ್ಯ ನಾರ್ಮನ್ ಗ್ರೆಗ್. ದಡಾರ-ರುಬೆಲ್ಲಾ ಲಸಿಕೆಯ ಅಭಿಯಾನವು ಕರ್ನಾಟಕದಲ್ಲಿ ೨೦೧೭ರ ಫೆಬ್ರವರಿಯಲ್ಲಿ ಆರಂಭವಾಗಿ, ಒಂಬತ್ತು ತಿಂಗಳಿನಿಂದ ಹದಿನೈದು ವರ್ಷದೊಳಗಿನ ಮಕ್ಕಳನ್ನು ಒಳಗೊಂಡಿತು. ಅಂದು ಹದಿನೈದನ್ನು ದಾಟಿದ್ದ ಹೆಣ್ಣುಮಕ್ಕಳು ಆ ಅಭಿಯಾನದ ಹೊರಗೆ ಉಳಿದರು. ಇಂದು ತಾಯಂದಿರಾಗುತ್ತಿರುವವರಲ್ಲಿ ಅವರೂ ಇದ್ದಾರೆ ಎಂಬುದನ್ನು ಮರೆಯಲಾಗದು.

ಎರಡನೆಯದು ನವಜಾತ ಶಿಶುವಿನ ತೀವ್ರ ಕಾಮಾಲೆ. ರಕ್ತದಲ್ಲಿ ಬಿಲಿರುಬಿನ್ ಎಂಬ ಹಳದಿ ದ್ರವ್ಯವು ಮಿತಿಮೀರಿದರೆ ಅದು ಮೆದುಳಿನ ಕೆಲವು ಕೇಂದ್ರಗಳನ್ನೂ ಶ್ರವಣದ ನರಮಾರ್ಗವನ್ನೂ ಕೆಡಿಸುತ್ತದೆ. ಅಂತಹ ಮಗುವಿನ ಕೈಕಾಲುಗಳು ಇಚ್ಛೆಯಿಲ್ಲದೆ ಹೊರಳಾಡುತ್ತವೆ. ಶಬ್ದವು ಕಿವಿಯನ್ನು ಮುಟ್ಟಿದರೂ ಮಾತಾಗಿ ಮೆದುಳನ್ನು ತಲಪದು. ಬಾಣಂತಿಯ ಕತ್ತಲೆ ಕೋಣೆಯಲ್ಲಿ ಶಿಶುವಿನ ಹಳದಿ ಬಣ್ಣವು ಕಣ್ಣಿಗೆ ಬೀಳದೆ ಹೋಗಬಹುದು. ಹಗಲ ಬೆಳಕಿನಲ್ಲಿ ಮಗುವನ್ನು ನೋಡಿ, ಸಂದೇಹ ಬಂದ ದಿನವೇ ಆಸ್ಪತ್ರೆಗೆ ಒಯ್ದರೆ ದೀಪದ ಚಿಕಿತ್ಸೆಯಿಂದ ಬಹುಮಟ್ಟಿಗೆ ತಪ್ಪಿಸಬಹುದಾದ ಹಾನಿ ಇದು.

ಮೂರನೆಯದಾಗಿ ದಿನ ತುಂಬುವ ಮೊದಲೇ ಆದ ಹೆರಿಗೆ, ಹುಟ್ಟುವಾಗಿನ ಉಸಿರಾಟದ ತಡೆ, ಮೆದುಳುಪೊರೆಯ ಉರಿಯೂತ ಇವುಗಳನ್ನು ಹೇಳಬೇಕು. ಕಡೆಯದರ ವಿಷಯದಲ್ಲಿ ಕಾಲವು ಬಹು ಮುಖ್ಯ. ಆ ರೋಗದ ಅನಂತರ ಒಳಕಿವಿಯ ಶಂಖಾಕೃತಿಯ ಭಾಗವು ಕೆಲವು ಮಕ್ಕಳಲ್ಲಿ ಎಲುಬುಗಟ್ಟುತ್ತ ಹೋಗುವುದರಿಂದ, ಕಾಕ್ಲಿಯರ್ ಇಂಪ್ಲಾಂಟ್ ಶಸ್ತ್ರಚಿಕಿತ್ಸೆಗೆ ಅವಕಾಶವು ತಿಂಗಳುಗಳಲ್ಲಿಯೇ ಮುಚ್ಚಿಹೋಗಬಹುದು.

ನಾಲ್ಕನೆಯದು ವಂಶಾನುಗತ ಕಾರಣ. ಸೋದರಮಾವನಿಗೆ ಅಕ್ಕನ ಮಗಳನ್ನು ಕೊಡುವುದು, ಸೋದರತ್ತೆಯ ಮಗನಿಗೆ ಕೊಡುವುದು ಕನ್ನಡ ನಾಡಿನಲ್ಲಿ ಬಹುಕಾಲದಿಂದ ರೂಢಿಯಲ್ಲಿರುವ ಸಂಬಂಧಗಳು. ಪೂರ್ವಜರೊಬ್ಬರ ಒಂದೇ ವಂಶವಾಹಿಯ ಎರಡು ಪ್ರತಿಗಳು ಮಗುವಿನಲ್ಲಿ ಕೂಡುವ ಸಂಭವವು ಮೊದಲನೆಯ ಬಗೆಯ ಮದುವೆಯಲ್ಲಿ ಎಂಟರಲ್ಲೊಂದು, ಎರಡನೆಯ ಬಗೆಯಲ್ಲಿ ಹದಿನಾರರಲ್ಲೊಂದು ಎಂದು ಗಣಿತವು ತಿಳಿಸುತ್ತದೆ. ಇಂತಹ ಮದುವೆಗಳಲ್ಲಿ ಬಹುಪಾಲಿನವರ ಮಕ್ಕಳು ಆರೋಗ್ಯವಾಗಿಯೇ ಇರುತ್ತಾರೆ. ಕಿವುಡ ಮಗು ಹುಟ್ಟಿದ ಮನೆಯಲ್ಲಿ ಸೊಸೆಯನ್ನು ದೂರುವುದಕ್ಕೆ ವಿಜ್ಞಾನದಲ್ಲಿ ಯಾವ ಆಧಾರವೂ ಇಲ್ಲ, ಏಕೆಂದರೆ ಇಲ್ಲಿ ದೋಷದ ಪ್ರತಿಯು ತಾಯಿತಂದೆ ಇಬ್ಬರಿಂದಲೂ ಬಂದಿರಬೇಕು. ಹೀಗೆ ಬರುವ ರೋಗಗಳಲ್ಲಿ ಅಷರ್ ಸಹಲಕ್ಷಣವನ್ನು ವಿಶೇಷವಾಗಿ ಗಮನಿಸಬೇಕು. ಅದರ ಮೊದಲನೆಯ ಬಗೆಯಲ್ಲಿ ಮಗು ಹುಟ್ಟಿನಿಂದಲೇ ಕಿವುಡು; ಒಳಕಿವಿಯ ಸಮತೋಲನದ ಭಾಗವೂ ಕೆಟ್ಟಿರುವುದರಿಂದ ನಡಿಗೆ ತಡವಾಗುತ್ತದೆ; ಮುಂದೆ ಬಾಲ್ಯದಲ್ಲಿಯೋ ಹರೆಯದಲ್ಲಿಯೋ ಇರುಳುಗುರುಡು ಆರಂಭವಾಗಿ, ದೃಷ್ಟಿಯ ಕ್ಷೇತ್ರವು ಅಂಚಿನಿಂದ ಒಳಕ್ಕೆ ಕಿರಿದಾಗುತ್ತದೆ.

ಕುಷ್ಟಗಿ ಯಲಬುರ್ಗಾ ಸೀಮೆಯ ಅಂತರ್ಜಲದಲ್ಲಿ ಫ್ಲೋರೈಡ್ ಅಂಶವು ಹೆಚ್ಚಾಗಿರುವುದು ವಿದಿತವೇ ಇದೆ. ಇದನ್ನು ಕಿವುಡುತನದ ಕಾರಣವಾಗಿ ಇಲ್ಲಿ ಹೇಳುತ್ತಿಲ್ಲ. ಆದರೆ ಕಿವುಡ ಮಗುವಿನ ಹಲ್ಲು ಮತ್ತು ಎಲುಬುಗಳೂ ಅದೇ ನೀರಿನಿಂದ ಕೆಟ್ಟರೆ ಹೊರೆಯು ಇಮ್ಮಡಿಯಾಗುವುದು. ಆದುದರಿಂದ ಇಂತಹ ಮಕ್ಕಳಿರುವ ಮನೆಗೆ ಶುದ್ಧ ನೀರು ದೊರೆಯುವಂತೆ ನೋಡಿಕೊಳ್ಳುವುದೂ ಪೋಷಣೆಯ ಭಾಗವೇ ಆಗಿದೆ.

೩. ಕೂಡಿಕೆಯ ಲೆಕ್ಕ

ಸರಕಾರವು ಬಹುವಿಧ ಅಂಗವೈಕಲ್ಯದ ಪ್ರಮಾಣವನ್ನು ಕಟ್ಟುವಾಗ ಒಂದು ಸೂತ್ರವನ್ನು ಅನುಸರಿಸುತ್ತದೆ. ಎರಡು ನ್ಯೂನತೆಗಳಲ್ಲಿ ಹೆಚ್ಚಿನದರ ಪ್ರಮಾಣವನ್ನು ೯೦ರಿಂದ ಕಳೆದು, ಬಂದ ಶೇಷವನ್ನು ಕಡಿಮೆಯದರ ಪ್ರಮಾಣದಿಂದ ಗುಣಿಸಿ, ೯೦ರಿಂದ ಭಾಗಿಸಿ, ಬಂದುದನ್ನು ಹೆಚ್ಚಿನದಕ್ಕೆ ಕೂಡಿಸಬೇಕು. ಕಿವಿಯದು ನೂರಕ್ಕೆ ೬೦, ಕಣ್ಣಿನದು ನೂರಕ್ಕೆ ೪೫ ಆಗಿದ್ದರೆ ಒಟ್ಟು ಪ್ರಮಾಣವು ೧೦೫ ಆಗದೆ ೭೫ ಆಗುತ್ತದೆ. ನೂರನ್ನು ಮೀರದಂತೆ ಪ್ರಮಾಣಪತ್ರವನ್ನು ಬರೆಯಬೇಕಾದ ಅಧಿಕಾರಿಗೆ ಈ ಲೆಕ್ಕವು ಅಗತ್ಯವೇ. ಆದರೆ ಮಗುವಿನ ಬಾಳಿನಲ್ಲಿ ಲೆಕ್ಕವು ಬೇರೆಯಾಗಿ ನಡೆಯುತ್ತದೆ.

ಹೇಗೆಂದರೆ, ಕಿವಿ ಕೇಳದ ಮಗು ಸಾಮಾನ್ಯವಾಗಿ ಕಣ್ಣನ್ನು ಅವಲಂಬಿಸುತ್ತದೆ: ತಾಯಿಯ ತುಟಿ, ಮುಖದ ಭಾವ, ಕೈಸನ್ನೆ ಇವೇ ಅದರ ಲೋಕ. ಕಣ್ಣಿಲ್ಲದ ಮಗು ಕಿವಿಯನ್ನು ಅವಲಂಬಿಸುತ್ತದೆ: ರೊಟ್ಟಿ ಬಡಿಯುವ ಸಪ್ಪಳದಿಂದ ತಾಯಿ ಒಲೆಯ ಬಳಿ ಇದ್ದಾಳೆಂದೂ, ಗೆಜ್ಜೆಯ ದನಿಯಿಂದ ಎತ್ತು ಬಂದವೆಂದೂ ತಿಳಿಯುತ್ತದೆ. ಎರಡೂ ಮಂದವಾದಾಗ ಒಂದರ ಕೊರತೆಯನ್ನು ಇನ್ನೊಂದು ತುಂಬಿಕೊಡುವ ಉಪಾಯವೇ ತಪ್ಪಿಹೋಗುತ್ತದೆ. ಸ್ವಲ್ಪ ಕಿವುಡೂ ಸ್ವಲ್ಪ ಮಸುಕುದೃಷ್ಟಿಯೂ ಕೂಡಿದರೆ, ಒಂದೊಂದಾಗಿ ಅಲ್ಪವೆನಿಸುವ ಈ ಎರಡು ದೋಷಗಳು ಸೇರಿ ಮಗುವನ್ನು ಬಹುಮಟ್ಟಿಗೆ ಒಂಟಿಯಾಗಿಸಬಲ್ಲವು. ಇದೇ ಕಾರಣದಿಂದ ೨೦೧೬ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಅಧಿನಿಯಮವು ಹೆಸರಿಸಿದ ೨೧ ಬಗೆಯ ಅಂಗವೈಕಲ್ಯಗಳಲ್ಲಿ ಬಹುವಿಧ ಅಂಗವೈಕಲ್ಯಕ್ಕೆ ಸ್ಥಾನವನ್ನು ಕೊಟ್ಟು, ಅದರಲ್ಲಿ ಕಿವುಡು-ಅಂಧತ್ವವನ್ನು ಹೆಸರೆತ್ತಿ ಸೇರಿಸಿದೆ.

ಈ ಗುಣಾಕಾರದ ಇನ್ನೊಂದು ಪರಿಣಾಮವು ಹೆಚ್ಚು ಗಂಭೀರವಾದುದು. ಭಾಷೆಯೇ ದೊರೆಯದ ಮಗು ಹೇಳಿದುದನ್ನು ತಿಳಿಯದು, ಕೇಳಬೇಕಾದುದನ್ನು ಕೇಳಲಾರದು. ಅದು ಅಳುತ್ತದೆ, ಕಚ್ಚುತ್ತದೆ, ತಲೆಯನ್ನು ಗೋಡೆಗೆ ಬಡಿದುಕೊಳ್ಳುತ್ತದೆ. ನೋಡಿದವರು ಅದನ್ನು ಬುದ್ಧಿಮಾಂದ್ಯವೆಂದು ತೀರ್ಮಾನಿಸುತ್ತಾರೆ. ಒಮ್ಮೆ ಹಾಗೆಂದು ಹೆಸರಿಟ್ಟ ಮೇಲೆ ಮಗುವಿಗೆ ಕಲಿಸುವ ಪ್ರಯತ್ನವೂ ನಿಲ್ಲುತ್ತದೆ. ಕಲಿಸದೆ ಇದ್ದುದರಿಂದ ಆ ತೀರ್ಮಾನವೇ ನಿಜವಾದಂತೆ ತೋರುತ್ತದೆ. ನಿಜವಾಗಿಯೂ ಬೌದ್ಧಿಕ ನ್ಯೂನತೆಯುಳ್ಳ ಕಿವುಡ ಮಕ್ಕಳು ಇದ್ದಾರೆ, ಸಂದೇಹವಿಲ್ಲ. ಆದರೆ ಮಾತಿನ ಮೂಲಕ ಪ್ರಶ್ನೆ ಕೇಳಿ ಕಿವುಡ ಮಗುವಿನ ಬುದ್ಧಿಯನ್ನು ಅಳೆಯುವುದು ಅದರ ಕಿವಿಯನ್ನು ಮತ್ತೊಮ್ಮೆ ಅಳೆದಂತೆಯೇ ಸರಿ. ಮಾತಿಲ್ಲದ ಪರೀಕ್ಷೆಗಳಿಂದ, ಸನ್ನೆ ಬಲ್ಲವರ ಸಮ್ಮುಖದಲ್ಲಿ, ಒಂದೇ ದಿನದ ಭೇಟಿಗೆ ಮುಗಿಸದೆ ಈ ನಿರ್ಣಯವನ್ನು ಮಾಡತಕ್ಕದ್ದು.

೪. ಗುರುತಿಸುವ ಕ್ರಮ

ಶಿಶುವು ಒಂದು ತಿಂಗಳಿನದಾಗುವುದರೊಳಗೆ ಶ್ರವಣದ ತಪಾಸಣೆ, ಮೂರು ತಿಂಗಳೊಳಗೆ ರೋಗನಿರ್ಣಯ, ಆರು ತಿಂಗಳೊಳಗೆ ನೆರವಿನ ಆರಂಭ: ಇದು ತಜ್ಞರು ಒಪ್ಪಿರುವ ಗುರಿ. ಭಾರತದಲ್ಲಿ ೨೦೧೩ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಯೋಜನೆಯಂತೆ ನವಜಾತ ಶಿಶುಗಳನ್ನು ಆಸ್ಪತ್ರೆಯಲ್ಲಿ ಮತ್ತು ಆಶಾ ಕಾರ್ಯಕರ್ತೆಯರ ಮೂಲಕ ಮನೆಯಲ್ಲಿ, ಅಂಗನವಾಡಿಯ ಮಕ್ಕಳನ್ನು ವರ್ಷಕ್ಕೆ ಎರಡು ಬಾರಿ, ಶಾಲೆಯ ಮಕ್ಕಳನ್ನು ವರ್ಷಕ್ಕೊಮ್ಮೆ ಪರೀಕ್ಷಿಸಬೇಕು. ಯೋಜನೆಯು ಉತ್ತಮವಾದುದೇ. ಅದನ್ನು ನಮ್ಮ ಸೀಮೆಯ ಬಾಳಿನ ಕ್ರಮಕ್ಕೆ ಹೊಂದಿಸುವಾಗ ಮೂರು ಎಚ್ಚರಿಕೆಗಳು ಅವಶ್ಯ.

ಮೊದಲನೆಯ ಎಚ್ಚರಿಕೆಯು ಬಾಣಂತನಕ್ಕೆ ಸಂಬಂಧಿಸಿದುದು. ಚೊಚ್ಚಲ ಹೆರಿಗೆಗೆ ಹೆಣ್ಣುಮಗಳು ತವರಿಗೆ ಹೋಗುತ್ತಾಳೆ. ತಪಾಸಣೆಯು ತವರೂರಿನ ಆಸ್ಪತ್ರೆಯಲ್ಲಿ ಆಗಿ, ಮರುಪರೀಕ್ಷೆಯ ದಿನದೊಳಗೆ ತಾಯಿ ಮಗು ಗಂಡನ ಮನೆಗೆ ಬಂದಿರುತ್ತಾರೆ. ಒಂದು ಊರಿನ ದಾಖಲೆಯು ಇನ್ನೊಂದು ಊರಿಗೆ ಬಾರದೆ ಸಂದೇಹವು ಅಲ್ಲಿಯೇ ಉಳಿಯುತ್ತದೆ. ತಾಯಿ ಕಾರ್ಡಿನಲ್ಲಿ ಶ್ರವಣ ತಪಾಸಣೆಯ ಫಲಿತಾಂಶವನ್ನು ಬರೆದು, ಮರುಪರೀಕ್ಷೆಯು ಬಾಕಿ ಇದ್ದರೆ ಅದನ್ನು ಮನೆಯವರಿಗೆ ಬಾಯಿಮಾತಿನಲ್ಲಿಯೂ ತಿಳಿಸುವುದು ಸಣ್ಣ ಕೆಲಸ. ಆದರೆ ಒಂದು ವರ್ಷದ ವಿಳಂಬವನ್ನು ಅದು ತಪ್ಪಿಸೀತು.

ಎರಡನೆಯದು ಪರೀಕ್ಷೆಯ ಬಗೆಯನ್ನು ಕುರಿತುದು. ಶಿಶುಗಳಿಗೆ ಸಾಮಾನ್ಯವಾಗಿ ಮಾಡುವ ಓ.ಎ.ಇ. ಪರೀಕ್ಷೆಯು ಒಳಕಿವಿಯ ಕೋಶಗಳ ಪ್ರತಿಸ್ಪಂದನವನ್ನು ಅಳೆಯುತ್ತದೆ. ಅಲ್ಲಿಂದ ಮೆದುಳಿಗೆ ಹೋಗುವ ನರದ ಸ್ಥಿತಿಯನ್ನು ತಿಳಿಸುವುದಿಲ್ಲ. ತೀವ್ರ ಕಾಮಾಲೆಯಾದ ಶಿಶುವಿನಲ್ಲಿ ಕೆಟ್ಟಿರುವುದು ಆ ನರಮಾರ್ಗವೇ ಆಗಿರಬಹುದಾದ್ದರಿಂದ, ಅದು ಓ.ಎ.ಇ.ಯಲ್ಲಿ ತೇರ್ಗಡೆಯಾಗಿಯೂ ಮಾತು ಕೇಳಿಸದೆ ಇರಬಹುದು. ಆದುದರಿಂದ ತೀವ್ರ ಕಾಮಾಲೆಯಾದ, ಅಥವಾ ಹಲವು ದಿನ ಶಿಶು ತೀವ್ರ ನಿಗಾ ಘಟಕದಲ್ಲಿದ್ದ ಮಗುವಿಗೆ ನರದ ಸ್ಪಂದನವನ್ನು ಅಳೆಯುವ ಬೆರಾ ಪರೀಕ್ಷೆಯನ್ನು ಮಾಡಿಸಲೇಬೇಕು. ಮಗು ಮಲಗಿರುವಾಗ ಮಾಡುವ ಪರೀಕ್ಷೆ ಇದು. ಬಸ್ಸಿನಲ್ಲಿಯೇ ಮಗು ನಿದ್ದೆ ತೀರಿಸಿಕೊಂಡು, ಪರೀಕ್ಷಾಲಯದಲ್ಲಿ ಎಚ್ಚೆತ್ತು ಅಳುತ್ತ ಕುಳಿತರೆ ಒಂದು ದಿನದ ಕೂಲಿಯೂ ಪ್ರಯಾಣವೂ ವ್ಯರ್ಥ. ದಾರಿಯಲ್ಲಿ ಮಗುವನ್ನು ಎಚ್ಚರವಾಗಿಟ್ಟು ಕರೆತರಬೇಕೆಂಬ ಮಾತನ್ನು ಹೊರಡುವ ಮೊದಲೇ ತಾಯಿಗೆ ಹೇಳಿರಬೇಕು.

ಮೂರನೆಯದು, ಮತ್ತು ಎಲ್ಲಕ್ಕಿಂತ ಮುಖ್ಯವಾದುದು: ಕಿವುಡುತನವು ಖಚಿತವಾದ ಪ್ರತಿಯೊಂದು ಮಗುವಿನ ಕಣ್ಣನ್ನೂ ನೇತ್ರವೈದ್ಯರಿಂದ ಪರೀಕ್ಷಿಸಿ, ಆ ಪರೀಕ್ಷೆಯನ್ನು ವರ್ಷವರ್ಷವೂ ಮುಂದುವರಿಸಬೇಕು. ಕಿವುಡ ಮಗು ಹದಿನೆಂಟು ತಿಂಗಳಾದರೂ ನಡೆಯದಿದ್ದರೆ ಅದನ್ನು ಬರಿಯ ಸೋಮಾರಿತನವೆಂದೋ ದೃಷ್ಟಿ ತಾಕಿತೆಂದೋ ಬಿಡಲಾಗದು. ದೊಡ್ಡದಾದ ಕಿವುಡ ಹುಡುಗನು ಮುಚ್ಚಂಜೆಯಲ್ಲಿ ದನ ಕಟ್ಟುವಾಗ ಗೂಟಕ್ಕೆ ಎಡವುವುದು, ಜಾತ್ರೆಯ ರಾತ್ರಿ ತಾಯಿಯ ಸೆರಗು ಬಿಡದಿರುವುದು, ಪಕ್ಕದಿಂದ ಬಂದವರನ್ನು ಕಾಣದಿರುವುದು ಇವು ಉಡಾಫೆಯ ಲಕ್ಷಣಗಳಲ್ಲ, ಅಕ್ಷಿಪಟಲದ ರೋಗದ ಮುನ್ಸೂಚನೆಗಳಾಗಿರಬಹುದು. ಕಣ್ಣಿನ ಬೆಳಕು ಇರುವಾಗಲೇ ಸನ್ನೆ, ಓದು, ದಾರಿ ನಡೆಯುವ ಅಭ್ಯಾಸ ಇವನ್ನು ಕಲಿತ ಮಗುವಿಗೂ, ಬೆಳಕು ಹೋದ ಮೇಲೆ ಕಲಿಯತೊಡಗಿದ ಮಗುವಿಗೂ ಬಾಳಿನುದ್ದಕ್ಕೂ ಅಂತರವಿರುತ್ತದೆ.

೫. ಸಂವಹನವೇ ಮೊದಲ ಪಾಠ

ನೆದರ್ಲೆಂಡ್ಸ್ ದೇಶದ ಸಿಂಟ್ ಮಿಖಿಲ್ಸ್‌ಗೆಸ್ಟಲ್ ಎಂಬಲ್ಲಿಯ ಶಾಲೆಯಲ್ಲಿ ಯಾನ್ ವಾನ್ ಡೈಕ್ ಎಂಬ ಶಿಕ್ಷಣಜ್ಞರು ರುಬೆಲ್ಲಾದಿಂದ ಕಿವುಡು-ಅಂಧರಾಗಿ ಹುಟ್ಟಿದ ಮಕ್ಕಳೊಡನೆ ೧೯೬೦ರ ದಶಕದಲ್ಲಿ ಕೆಲಸಮಾಡಿದರು. ಅವರು ಕಂಡುಕೊಂಡ ಕ್ರಮದ ಸಾರವಿಷ್ಟು: ಮಗುವು ತಾನಾಗಿ ಮಾಡುವ ಚಲನೆಯನ್ನು ಮೊದಲು ಅದರೊಡನೆ ಸೇರಿ ಮಾಡಬೇಕು, ಹೀಗೆ ನಂಬಿಕೆ ಬೆಳೆದ ಮೇಲೆ, ನಡೆಯಲಿರುವ ಪ್ರತಿಯೊಂದು ಕೆಲಸಕ್ಕೂ ಗುರುತಾಗಿ ಒಂದು ವಸ್ತುವನ್ನು ಅದರ ಕೈಗೆ ಕೊಡಬೇಕು. ದುಬಾರಿಯ ಉಪಕರಣವಾಗಲಿ ದೂರದ ಸಂಸ್ಥೆಯಾಗಲಿ ಇದಕ್ಕೆ ಬೇಡ. ಈ ಕ್ರಮವನ್ನು ಹನುಮಸಾಗರದ ಒಂದು ಮನೆಯಲ್ಲಿ ಹೇಗೆ ಆಚರಿಸಬಹುದೆಂಬುದನ್ನು ಕಲ್ಪಿಸಿ ನೋಡೋಣ.

ಸ್ನಾನಕ್ಕೆ ಕರೆದೊಯ್ಯುವ ಮುನ್ನ ತಾಯಿ ಮಗುವಿನ ಕೈಗೆ ಒಂದು ಚಿಕ್ಕ ಚರಗಿಯನ್ನು ಕೊಡುತ್ತಾಳೆ. ಊಟಕ್ಕೆ ಮುನ್ನ ಅದರದೇ ಗಂಗಾಳದ ಅಂಚನ್ನು ಮುಟ್ಟಿಸುತ್ತಾಳೆ. ಮಲಗುವ ಹೊತ್ತಿಗೆ ಹಳೆಯ ಕೌದಿಯಿಂದ ಕತ್ತರಿಸಿದ ಒಂದು ತುಂಡು. ಹೊರಗೆ ಹೋಗುವಾಗ ಚಪ್ಪಲಿ. ವಸ್ತುವು ದಿನದಿನವೂ ಅದೇ ಆಗಿರಬೇಕು. ಕೆಲಸವು ಆರಂಭವಾಗುವ ಮೊದಲೇ ಅದು ಕೈಗೆ ಬರಬೇಕು. ಕೊಟ್ಟ ಮೇಲೆ ಮಗುವಿಗೆ ತಿಳಿಯುವಷ್ಟು ಹೊತ್ತು ಕಾಯಬೇಕು. ಕೆಲಸ ಮುಗಿದಾಗ ವಸ್ತುವನ್ನು ಒಂದು ಬುಟ್ಟಿಗೆ ಹಾಕಿಸಿ, ಮುಗಿಯಿತೆಂಬ ಸನ್ನೆಯನ್ನು ಅದರ ಕೈ ಹಿಡಿದು ಮಾಡಿಸಬೇಕು. ಇಷ್ಟರಿಂದ ಏನಾಯಿತು? ಇದುವರೆಗೆ ಯಾರೋ ಎತ್ತಿಕೊಂಡು ಎಲ್ಲಿಗೋ ಒಯ್ದು ತಟ್ಟನೆ ನೀರು ಸುರಿಯುತ್ತಿದ್ದರು. ಈಗ ಏನಾಗಲಿದೆ ಎಂಬುದು ಮಗುವಿಗೆ ಮುಂಚಿತವಾಗಿ ತಿಳಿಯುತ್ತದೆ. ಅನೇಕ ವೇಳೆ ಅಳುವೂ ಕಚ್ಚುವಿಕೆಯೂ ಇಲ್ಲಿಂದಲೇ ಕಡಿಮೆಯಾಗತೊಡಗುತ್ತವೆ. ಮುಂದೊಂದು ದಿನ ಹಸಿದ ಮಗು ತಾನೇ ಗಂಗಾಳವನ್ನು ತಂದು ತಾಯಿಯ ಮಡಿಲಲ್ಲಿ ಇರಿಸಿದರೆ, ಅದು ಮಗುವಿನ ಮೊದಲ ಮಾತು. ಅಂದು ಆ ಮಾತಿಗೆ ಉತ್ತರವಾಗಿ ಒಂದು ತುತ್ತಾದರೂ ತಪ್ಪದೆ ಸಿಕ್ಕಬೇಕು.

ಮನೆಯವರಿಗೂ ಹೆಸರುಗಳು ಬೇಕು. ಅವ್ವನೆಂದರೆ ಕೈಬಳೆ, ಅಜ್ಜನೆಂದರೆ ರುಮಾಲು, ಅಕ್ಕನೆಂದರೆ ಜಡೆ ಎಂದು ಒಂದೊಂದು ಗುರುತನ್ನು ಗೊತ್ತುಮಾಡಿ, ಬಂದವರು ಮೊದಲು ಮಗುವಿನ ಕೈಯನ್ನು ತಮ್ಮ ಗುರುತಿಗೆ ಮುಟ್ಟಿಸಿ ಅನಂತರವೇ ಎತ್ತಿಕೊಳ್ಳಬೇಕು. ಸ್ವಲ್ಪ ದೃಷ್ಟಿಯುಳ್ಳ ಮಗುವಿಗೆ ಬೆಳಕು ಮುಖದ ಮೇಲೆ ಬೀಳುವಂತೆ ಕುಳಿತು, ಹತ್ತಿರದಲ್ಲಿ, ಎದೆಯ ಮಟ್ಟದ ಕಿರಿದಾದ ಜಾಗದಲ್ಲಿ ಸನ್ನೆ ಮಾಡತಕ್ಕದ್ದು. ಬಾಗಿಲಿಗೆ ಬೆನ್ನು ಮಾಡಿ ಕುಳಿತವರ ಮುಖವು ಅದಕ್ಕೆ ಬರಿಯ ನೆರಳು. ಕರಿಯ ಕಂಬಳಿಯ ಮೇಲೆ ಹಳದಿ ಚೆಂಡನ್ನಿಟ್ಟರೆ ಕಂಡೀತು, ಮಣ್ಣಿನ ನೆಲದ ಮೇಲೆ ಕಂದು ಆಟಿಕೆ ಕಾಣದು.

ಮೆದುಳಿನ ಪಾರ್ಶ್ವವಾಯುವಿನಿಂದ ಕೈಕಾಲು ಬಿಗಿದಿರುವ ಕಿವುಡ ಮಗುವಿಗೆ ಮೊದಲು ಕುಳಿತುಕೊಳ್ಳುವ ಭದ್ರತೆ ಬೇಕು. ಮಲಗಿಯೇ ಇರುವ ಮಗು ಸೂರನ್ನು ಮಾತ್ರ ನೋಡುತ್ತದೆ. ಯಾರ ಮುಖವೂ ಕೈಯೂ ಅದಕ್ಕೆ ಕಾಣದು. ಗೋಡೆಯ ಮೂಲೆಗೆ ಒರಗಿಸಿ, ಇಕ್ಕೆಲಗಳಲ್ಲಿಯೂ ತೊಡೆಗಳ ನಡುವೆಯೂ ಸುರುಳಿ ಸುತ್ತಿದ ಕೌದಿಯನ್ನಿಟ್ಟರೆ ಕತ್ತು ನಿಂತು ಕಣ್ಣು ಬಿಡುವಾಗುತ್ತದೆ. ಕ್ರಮವನ್ನು ಚಿಕಿತ್ಸಕರಿಂದ ಒಮ್ಮೆ ನೋಡಿ ಕಲಿಯುವುದು ಲೇಸು. ಸನ್ನೆ ಮಾಡಲಾರದ ಈ ಮಗು ನೋಟದಿಂದ ಉತ್ತರ ಕೊಡಬಲ್ಲದು. ಒಂದು ಕೈಯಲ್ಲಿ ಬಾಳೆಹಣ್ಣು, ಇನ್ನೊಂದರಲ್ಲಿ ನೀರಿನ ಲೋಟ ಹಿಡಿದು, ಅದು ಯಾವ ಕಡೆ ನೋಡುತ್ತದೆಯೋ ಅದನ್ನೇ ಕೊಡಬೇಕು. ಉಣಿಸುವಾಗ ನೆಟ್ಟಗೆ ಕೂರಿಸಿ, ಕೆಳತುಟಿಯನ್ನು ಮೆಲ್ಲನೆ ಮುಟ್ಟಿ ತುತ್ತು ಬರುತ್ತಿದೆಯೆಂದು ತಿಳಿಸಬೇಕು. ಬಾಯಿ ತೆರೆ ಎಂದು ಕೂಗಿ ಹೇಳಿದರೆ ಕೇಳಿಸದ ಮಗುವಿದು. ಶ್ರವಣಯಂತ್ರವನ್ನು ತೊಡಿಸಿದ್ದರೆ, ತಲೆಯು ದಿಂಬಿಗೆ ಒತ್ತಿದಾಗ ಯಂತ್ರವು ಸಿಳ್ಳುಹಾಕುತ್ತದೆ. ಅದನ್ನು ಕೆಟ್ಟಿತೆಂದು ತೆಗೆದಿಡದೆ, ಕಿವಿಯ ಅಚ್ಚನ್ನೂ ತಲೆಯ ಆಸರೆಯನ್ನೂ ಸರಿಪಡಿಸಬೇಕು.

ಬೌದ್ಧಿಕ ನ್ಯೂನತೆ ಇರುವ ಮಗುವಿಗೆ ಸನ್ನೆಗಳು ಕಡಿಮೆ ಇರಲಿ, ಪುನರಾವೃತ್ತಿ ಹೆಚ್ಚಿರಲಿ. ಪ್ರತಿಯೊಂದು ಸನ್ನೆಯೂ ಆ ಹೊತ್ತಿನ ಕೆಲಸಕ್ಕೆ ಅಂಟಿಕೊಂಡಿರಲಿ. ಆಟಿಸಂ ಉಳ್ಳ ಕಿವುಡ ಮಗು ಮುಖವನ್ನು ನೋಡಲು ಹಿಂಜರಿಯಬಹುದು. ಸನ್ನೆಯನ್ನು ಅದು ನೋಡುತ್ತಿರುವ ವಸ್ತುವಿನ ಬಳಿಗೇ ಒಯ್ಯಬೇಕು, ದಿನಚರಿಯನ್ನು ಚಿತ್ರಗಳ ಸಾಲಾಗಿ ಗೋಡೆಗೆ ಅಂಟಿಸಬೇಕು.

ಸನ್ನೆ ಕಲಿಸಿದರೆ ಮಗುವಿಗೆ ಮಾತು ಬಾರದೆಂಬ ಭಯವು ಅನೇಕ ತಾಯಿತಂದೆಗಳಲ್ಲಿದೆ. ಇದಕ್ಕೆ ಆಧಾರವಿಲ್ಲ. ಯಂತ್ರವೂ ಮಾತಿನ ತರಬೇತಿಯೂ ನಡೆಯಲಿ, ಅವುಗಳ ಫಲ ಬರುವವರೆಗೆ ಮಗುವನ್ನು ಭಾಷೆಯಿಲ್ಲದೆ ಕಾಯಿಸಬಾರದು ಎಂಬುದಷ್ಟೇ ಇಲ್ಲಿಯ ವಾದ. ಕಾಕ್ಲಿಯರ್ ಇಂಪ್ಲಾಂಟಿನ ವಿಷಯವೂ ಇದೇ. ಬೇರೆ ನ್ಯೂನತೆ ಇದೆಯೆಂಬ ಒಂದೇ ಕಾರಣದಿಂದ ಮಗುವನ್ನು ಅದರಿಂದ ದೂರವಿಡುವುದು ನ್ಯಾಯವಲ್ಲ. ಹಾಗೆಯೇ ಅಂತಹ ಮಗು ಬೇರೆ ಮಕ್ಕಳಷ್ಟೇ ಬೇಗ ಮಾತನಾಡುವುದೆಂಬ ಭರವಸೆಯನ್ನು ಕೊಡುವುದೂ ಪ್ರಾಮಾಣಿಕವಲ್ಲ. ತಾಯಿಯ ದನಿಗೆ ತಿರುಗುವುದು, ಹಿಂದಿನಿಂದ ಬರುವ ಗಾಡಿಯನ್ನು ಅರಿಯುವುದು ಇಂತಹ ಲಾಭಗಳನ್ನೂ ಲಾಭವೆಂದೇ ಎಣಿಸಬೇಕು.

ಊರು ತಾನೇ ಕಿವುಡರ ಭಾಷೆಯನ್ನು ಕಲಿಯಬಲ್ಲದೆಂಬುದಕ್ಕೆ ನಮ್ಮ ನಾಡಿನಲ್ಲಿಯೇ ಒಂದು ನಿದರ್ಶನವಿದೆ. ಗೌರಿಬಿದನೂರು ತಾಲ್ಲೂಕಿನ ಅಲೀಪುರದಲ್ಲಿ ವಂಶಪಾರಂಪರ್ಯವಾಗಿ ಕಿವುಡರು ಹೆಚ್ಚಾಗಿದ್ದು, ಅಲ್ಲಿ ತಾನಾಗಿ ಬೆಳೆದ ಸನ್ನೆಭಾಷೆಯನ್ನು ಕಿವಿ ಕೇಳುವ ಜನರೂ ಬಳಸುವುದನ್ನು ಭಾಷಾವಿಜ್ಞಾನಿಗಳು ವರ್ಣಿಸಿದ್ದಾರೆ. ಎಲ್ಲ ಊರೂ ಅಲೀಪುರವಾಗದು. ಆದರೆ ಓಣಿಯ ಹತ್ತು ಮಕ್ಕಳು ಇಪ್ಪತ್ತು ಸನ್ನೆಗಳನ್ನು ಕಲಿತರೆ ಆ ಓಣಿಯಲ್ಲಿ ಕಿವುಡ ಮಗುವಿಗೆ ಜೊತೆಗಾರರು ಹುಟ್ಟಿಕೊಳ್ಳುತ್ತಾರೆ.

೬. ನೆರವಿನ ಏರ್ಪಾಡು

ಕಾನೂನು ಈ ಮಕ್ಕಳನ್ನು ಮರೆತಿಲ್ಲ. ೨೦೦೯ರ ಶಿಕ್ಷಣ ಹಕ್ಕು ಅಧಿನಿಯಮಕ್ಕೆ ೨೦೧೨ರಲ್ಲಿ ಆದ ತಿದ್ದುಪಡಿಯು ಬಹುವಿಧ ಅಥವಾ ತೀವ್ರ ಅಂಗವೈಕಲ್ಯದ ಮಕ್ಕಳಿಗೆ ಮನೆಯಲ್ಲಿಯೇ ಶಿಕ್ಷಣ ಪಡೆಯುವ ಹಕ್ಕನ್ನು ಕೊಟ್ಟಿತು. ೨೦೧೬ರ ಅಧಿನಿಯಮದಂತೆ, ನೂರಕ್ಕೆ ೪೦ಕ್ಕೆ ಕಡಿಮೆಯಿಲ್ಲದ ಅಂಗವೈಕಲ್ಯವುಳ್ಳ ೬ರಿಂದ ೧೮ ವರ್ಷದ ಮಗು ನೆರೆಯ ಶಾಲೆಯಲ್ಲಾಗಲಿ, ತಾನು ಆರಿಸಿದ ವಿಶೇಷ ಶಾಲೆಯಲ್ಲಾಗಲಿ ಉಚಿತವಾಗಿ ಕಲಿಯಬಹುದು. ಗ್ರಾಮ ಪಂಚಾಯಿತಿಯ ಮಟ್ಟದಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರೂ, ಶಿಕ್ಷಣ ಇಲಾಖೆಯಲ್ಲಿ ಬಿ.ಐ.ಇ.ಆರ್.ಟಿ. ಎಂದು ಕರೆಯಲಾಗುವ ಸಂಪನ್ಮೂಲ ಶಿಕ್ಷಕರೂ ಇದ್ದಾರೆ. ೧೯೯೯ರ ರಾಷ್ಟ್ರೀಯ ನ್ಯಾಸ ಅಧಿನಿಯಮದ ಅಡಿಯಲ್ಲಿಯ ನಿರಾಮಯ ಯೋಜನೆಯು ಬಹುವಿಧ ಅಂಗವೈಕಲ್ಯದವರಿಗೂ ಒಂದು ಲಕ್ಷ ರೂಪಾಯಿಗಳವರೆಗೆ ಆರೋಗ್ಯ ವಿಮೆಯನ್ನು ಒದಗಿಸುತ್ತದೆ.

ತೊಡಕು ಇರುವುದು ಇವುಗಳ ನಡುವಣ ಬಿರುಕಿನಲ್ಲಿ. ಕಿವಿಯವರು ಕಣ್ಣಿನವರನ್ನು ಕಾಣರು, ಕಣ್ಣಿನವರು ಕೈಕಾಲಿನ ಚಿಕಿತ್ಸಕರನ್ನು ಕಾಣರು. ಮೂವರ ಸಲಹೆಗಳನ್ನೂ ಹೊತ್ತು ತಿರುಗುವವಳು ತಾಯಿ ಒಬ್ಬಳೇ. ಕಿವುಡರ ಶಾಲೆಯು ಮಗುವಿಗೆ ನಡೆಯಲು ಬಾರದೆಂದೂ, ಬೌದ್ಧಿಕ ನ್ಯೂನತೆಯವರ ಶಾಲೆಯು ತನಗೆ ಸನ್ನೆ ಬಾರದೆಂದೂ ಹಿಂದಿರುಗಿಸಿದರೆ, ಎರಡು ಶಾಲೆಗಳಿಗೆ ಅರ್ಹವಾದ ಮಗು ಒಂದಕ್ಕೂ ಸೇರದೆ ಮನೆಯಲ್ಲಿ ಉಳಿಯುತ್ತದೆ. ಆದುದರಿಂದ ಇಂತಹ ಪ್ರತಿಯೊಂದು ಮಗುವಿಗೂ ಹೊಣೆಗಾರರಾದ ಒಬ್ಬ ವ್ಯಕ್ತಿ ಗೊತ್ತಾಗಿರಬೇಕು. ಆ ವ್ಯಕ್ತಿಯು ತಜ್ಞನೇ ಆಗಿರಬೇಕಾಗಿಲ್ಲ. ಪುನರ್ವಸತಿ ಕಾರ್ಯಕರ್ತನೋ ಅಂಗನವಾಡಿಯ ಕಾರ್ಯಕರ್ತೆಯೋ ಆಗಬಹುದು. ಎಲ್ಲ ಪರೀಕ್ಷೆಗಳ ದಿನಗಳನ್ನು ಒಂದೇ ಪ್ರಯಾಣಕ್ಕೆ ಹೊಂದಿಸುವುದು, ತಜ್ಞರು ಹೇಳಿದುದನ್ನು ಮನೆಯ ದಿನಚರಿಗೆ ಅಳವಡಿಸುವುದು, ಒಂದಕ್ಕೊಂದು ವಿರುದ್ಧವಾದ ಸಲಹೆಗಳು ಬಂದಾಗ ಹಿಂದಿರುಗಿ ಕೇಳುವುದು ಅವರ ಕೆಲಸ.

ಗುಳೆಯ ಪ್ರಶ್ನೆಗೂ ಉತ್ತರ ಬೇಕು. ಕುಟುಂಬವು ಊರು ಬಿಟ್ಟಾಗ ಮನೆಗೆ ಬರುವ ಶಿಕ್ಷಕರಿಗೆ ಮನೆಯೇ ಇಲ್ಲವಾಗುತ್ತದೆ. ಮಗುವನ್ನು ಅಜ್ಜಿಯ ಬಳಿ ಬಿಟ್ಟುಹೋದರೆ ತಾಯಿ ಕಲಿತ ಸನ್ನೆಗಳು ಅವಳೊಡನೆಯೇ ಹೊರಟುಹೋಗುತ್ತವೆ. ಆದುದರಿಂದ ತರಬೇತಿಯನ್ನು ತಾಯಿಗೆ ಮಾತ್ರ ಕೊಡದೆ ಅಜ್ಜಿಗೂ ಅಕ್ಕನಿಗೂ ಕೊಡಬೇಕು. ಮಗುವಿನ ಸಂವಹನದ ಕ್ರಮವನ್ನು, ಅಂದರೆ ಯಾವ ವಸ್ತುವಿಗೆ ಯಾವ ಅರ್ಥ, ಹೇಗೆ ಕೂರಿಸಬೇಕು, ಹೇಗೆ ಉಣಿಸಬೇಕು, ಯಾವುದಕ್ಕೆ ಹೆದರುತ್ತದೆ ಎಂಬುದನ್ನು, ಎರಡು ಪುಟಗಳ ಒಂದು ಚಿಕ್ಕ ಪುಸ್ತಕದಲ್ಲಿ ಚಿತ್ರಸಹಿತವಾಗಿ ಬರೆದು ಮಗುವಿನ ಜೊತೆಯಲ್ಲಿಯೇ ಕಳುಹಿಸಬೇಕು. ಹೊಸ ಊರಿನ ಅಂಗನವಾಡಿಯಲ್ಲಿ ಅದು ಮಗುವಿನ ಪರವಾಗಿ ಮಾತನಾಡುತ್ತದೆ.

೭. ಉಪಸಂಹಾರ

ಇಷ್ಟು ಹೊತ್ತು ವಿವೇಚಿಸಿದುದನ್ನು ಸಂಗ್ರಹಿಸಿ ಹೇಳುವುದಾದರೆ: ಕಿವುಡುತನವು ಪತ್ತೆಯಾದಾಗ ಅಲ್ಲಿಗೇ ನಿಲ್ಲದೆ ಎರಡನೆಯ ನ್ಯೂನತೆಯನ್ನು, ಮುಖ್ಯವಾಗಿ ಕಣ್ಣಿನದನ್ನು, ಹುಡುಕಬೇಕು. ಭಾಷೆಯು ದೊರೆಯುವ ಮೊದಲು ಬುದ್ಧಿಯನ್ನು ಅಳೆದು ತೀರ್ಮಾನ ಕೊಡಬಾರದು. ಸ್ನಾನ, ಊಟ, ನಿದ್ದೆಗಳ ದಿನಚರಿಯನ್ನೇ ಪಠ್ಯಕ್ರಮವನ್ನಾಗಿ ಮಾಡಿಕೊಂಡು, ಮನೆಯಲ್ಲಿರುವ ವಸ್ತುಗಳಿಂದಲೇ ಸಂವಹನವನ್ನು ಆರಂಭಿಸಬೇಕು. ಹೊಣೆಯು ಹಲವರಲ್ಲಿ ಹಂಚಿಹೋಗಿ ಯಾರದೂ ಅಲ್ಲದಂತಾಗಬಾರದು.

ಮೊದಲ ಆರು ವರ್ಷಗಳಲ್ಲಿ ಕಳೆದುಹೋದುದನ್ನು ಮುಂದೆ ಪೂರ್ಣವಾಗಿ ತುಂಬಿಕೊಡುವುದು ಬಹಳ ಕಷ್ಟ. ಹನುಮಸಾಗರಕ್ಕೆ ಮೈಸೂರು ಹತ್ತಿರವಾಗುವವರೆಗೆ ಮಗುವಿನ ಬಾಲ್ಯವು ಕಾದಿರದು. ಚರಗಿಯೂ ಗಂಗಾಳವೂ ಕೌದಿಯ ತುಂಡೂ ಇಂದೇ ಮನೆಯಲ್ಲಿವೆ; ಅವನ್ನು ಮಗುವಿನ ಕೈಗೆ ಕೊಡುವ ಕ್ರಮವನ್ನು ತಾಯಿಗೆ, ಅಜ್ಜಿಗೆ, ಅಂಗನವಾಡಿಯ ಕಾರ್ಯಕರ್ತೆಗೆ ತಲಪಿಸುವುದು ಈ ವಿಷಯದಲ್ಲಿ ಅಭ್ಯಾಸಮಾಡಿದವರೆಲ್ಲರ ಕರ್ತವ್ಯವಾಗಿದೆ.